ಹಿಟ್ಟಿನ ಸರಸ ಮತ್ತು ಎರಡನೇ ರೂಟರ್

ಪಶ್ಚಿಮ ತಾಂಬರಂ ಸ್ಟೇಷನ್ನಿಗೆ ಕೂಗಳತೆಯಲ್ಲಿರುವ ಆ ಸಸ್ಯಾಹಾರಿ ಹೋಟೆಲಿನಲ್ಲಿ ಒಂದು ಕಾಫಿ ಕುಡಿದವನಿಗೂ ವೈಫೈ ಪುಕ್ಕಟೆ. ಗಲ್ಲಾದ ಗಣಪತಿಯ ಮಗ್ಗುಲಲ್ಲೇ ಪಾಸ್‌ವರ್ಡ್ ಅಂಟಿಸಿದ್ದಾರೆ. ಆ ಗಿರಾಕಿಯ ಇಡ್ಲಿಗೆ ನಸುಕಿನಲ್ಲೆದ್ದು ಹಿಟ್ಟು ರುಬ್ಬುವವರು ಅದೇ ಕಟ್ಟಡದ ಮೂರನೇ ಮಾಳಿಗೆಯ ತಗಡಿನ ಕೋಣೆಗಳಲ್ಲಿ ಮಲಗುತ್ತಾರೆ. ಆ ವೈಫೈ ಮಾತ್ರ ಅಷ್ಟು ಮೆಟ್ಟಿಲು ಹತ್ತುವುದಿಲ್ಲ. ಮೊಬೈಲಿನ ಸಿಗ್ನಲ್ಲೂ ನೀರಿನ ಟ್ಯಾಂಕಿನ ಬುಡ ಬಿಟ್ಟರೆ ಬೇರೆಲ್ಲೂ ನಿಲ್ಲುವುದಿಲ್ಲ. ಕೇಳಿದರೆ ಸೂಪರ್‌ವೈಸರ್ ಮೋನಪ್ಪನ ಬಳಿ ಉತ್ತರ ಸಿದ್ಧವಿರುತ್ತಿತ್ತು: “ನಿಮಗೆ ಎಂತಕ್ಕೆ ವೈಫೈ? ಹಿಟ್ಟು ಆನ್‌ಲೈನಲ್ಲಿ ರುಬ್ಬುದಾ?”

ಎಲ್ಲರೂ ನಗುತ್ತಿದ್ದರು. ಸರಸಳೂ ಎಷ್ಟೋ ಸಲ ನಕ್ಕಿದ್ದಾಳೆ. ಆ ಬುಧವಾರ ನಗುವ ಹಾಗಿರಲಿಲ್ಲ. ಮಧ್ಯಾಹ್ನ ಮೂರೂವರೆಗೆ ಸರಿಯಾಗಿ ಅವಳು ತನ್ನ ಕೋಣೆಯ ಬಾಗಿಲು ಮುಚ್ಚಿಕೊಂಡು, ಒಬ್ಬಳೇ ಕೂತು, ಫೋನಿನ ಪರದೆಯಲ್ಲಿ ಸಾಕ್ಷಿ ಹೇಳಬೇಕಿತ್ತು. ಅಂದಾನಿ ಹೇಗೆ ಸತ್ತ ಎಂದು ಹೇಳಬೇಕಿತ್ತು. ಇದು ಕೊನೆಯ ಅವಕಾಶ. ತಪ್ಪಿದರೆ ಅಂದಾನಿ ಕುಡುಕನಾಗಿ ಸತ್ತ ಎಂಬುದೇ ಕಾಗದದಲ್ಲಿ ಶಾಶ್ವತವಾಗಿ ಉಳಿಯುತ್ತಿತ್ತು.

ಸರಸಳಿಗೆ ನಲವತ್ತೇಳು. ಕಾರ್ಕಳದ ಕಡೆಯವಳು. ಮುಂಬಯಿಗೆ ಹೋದ ಗಂಡ ಅಲ್ಲೇ ಕರಗಿಹೋದ ಮೇಲೆ, ಹತ್ತೊಂಬತ್ತು ವರ್ಷಗಳ ಹಿಂದೆ, ಊರವನೇ ಆದ ಮೋನಪ್ಪ ಅವಳನ್ನು ಮದ್ರಾಸಿಗೆ ಕರೆತಂದು ಕೆಲಸಕ್ಕೆ ಹಚ್ಚಿದ್ದ. ಅಂದಿನಿಂದ ಅವಳು ಹಿಟ್ಟಿನ ಸರಸ. ಉದ್ದು ನುಣ್ಣಗಾಯಿತೇ ಎಂದು ಅವಳು ಬೆರಳು ಹಾಕಿ ನೋಡುವುದಿಲ್ಲ. ಜಲ್ಲಿಯ ಮೇಲೆ ಚಕ್ರ ಹೋದಂತಿದ್ದ ಸದ್ದು ಒದ್ದೆ ಬಟ್ಟೆ ಒಗೆದಂತಾಯಿತೋ, ಅಲ್ಲಿಗೆ ಗ್ರೈಂಡರ್ ನಿಲ್ಲಿಸುತ್ತಾಳೆ. ಈ ಹೋಟೆಲಿನ ಇಡ್ಲಿಯ ಬಗ್ಗೆ ಫೋನಿನಲ್ಲಿ ಐದು ನಕ್ಷತ್ರ ಕೊಟ್ಟು ಹೋಗುವ ಸಾವಿರ ಜನರಲ್ಲಿ ಒಬ್ಬನಿಗೂ ಅವಳ ಹೆಸರು ಗೊತ್ತಿಲ್ಲ. ಗೊತ್ತಾಗಬೇಕೆಂದು ಅವಳಿಗೂ ಅನಿಸಿದ್ದಿಲ್ಲ.

ಅಂದಾನಿ ಅವಳ ಜೊತೆಗೆ ಅದೇ ಗ್ರೈಂಡರಿನಲ್ಲಿ ಕೆಲಸ ಮಾಡುತ್ತಿದ್ದ ಕೊಳ್ಳೇಗಾಲದ ಕಡೆಯವನು. ಗ್ರೈಂಡರಿನ ಮೈ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಮೂರು ಸಲ ದೂರಿದ್ದ. “ಕಾಲಡಿಗೆ ಗೋಣಿ ಹಾಕಿಕೋ” ಎಂದಿದ್ದ ಮೋನಪ್ಪ. ರಿಪೇರಿಗೆ ಗೋಣಿಯೇ ಅಗ್ಗ. ಕಳೆದ ಕಾರ್ತಿಕದ ಒಂದು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಅಂದಾನಿ ಹಜಾರದ ಬೋರ್ಡಿನಲ್ಲಿ ಗ್ರೈಂಡರಿನ ಮೇನ್ ಸ್ವಿಚ್ ಆರಿಸಿ ಬಂದು, ಕಲ್ಲಿನ ಸಂದಿಗೆ ಕೈ ಹಾಕಿ ತೊಳೆಯುತ್ತಿದ್ದ. ಬಾಗಿಲಲ್ಲಿ ಉದ್ದು ಆರಿಸುತ್ತಾ ಕೂತಿದ್ದ ಸರಸಳಿಗೆ ಈ ಕಡೆ ಗ್ರೈಂಡರೂ ಆ ಕಡೆ ಹಜಾರವೂ ಕಾಣುತ್ತಿದ್ದವು. ಹಜಾರದಲ್ಲಿ ಮೋನಪ್ಪ ಗಡಿಯಾರ ನೋಡಿದ. “ಯಾರು ಮಾರಾಯ ಆಫ್ ಮಾಡಿದ್ದು? ಸಂಜೆಗೆ ಹಿಟ್ಟು ಬೇಡವಾ?” ಎಂದ. ಒಳಗೆ ಯಾರಿದ್ದಾರೆಂದು ಒಂದು ಮಾತು ಕೇಳಲಿಲ್ಲ. ಸ್ವಿಚ್ ಹಾಕಿದ.

ಬೆಳಿಗ್ಗೆ ಸತ್ತ ಅಂದಾನಿ ಸಂಜೆಯೊಳಗೆ ಕುಡುಕನೂ ಆದ. ಸೋಮವಾರ ಒಪ್ಪೊತ್ತು ಮಾಡುತ್ತಾ, ಮಾದಪ್ಪನ ಹೆಸರು ಹೇಳದೆ ನೀರು ಮುಟ್ಟದಿದ್ದ ಮನುಷ್ಯ, ಕುಡಿದು ಬಂದು ಗ್ರೈಂಡರಿನ ಮೇಲೆ ನೀರು ಸುರಿದುಕೊಂಡನಂತೆ. ಪೊಲೀಸರು ಸರಸಳನ್ನು ಕೇಳಿದರು. ಪಕ್ಕದಲ್ಲಿ ಮೋನಪ್ಪ ನಿಂತಿದ್ದ. “ನಾನು ನೋಡಲಿಲ್ಲ” ಎಂದಳು.

ಆ ಎರಡು ಪದ ಅವಳನ್ನು ತಿಂದವು. ಅಂದಿನಿಂದ ಅವಳಿಗೊಂದು ಚಟ ಅಂಟಿಕೊಂಡಿತು. ಮಿಕ್ಸಿಯಿರಲಿ, ಟೇಬಲ್ ಫ್ಯಾನ್ ಇರಲಿ, ತಂತಿಯಿರುವ ಯಾವುದನ್ನೇ ಮುಟ್ಟುವ ಮೊದಲು ಪ್ಲಗ್ಗು ಕಿತ್ತು ಕಣ್ಣಿಗೆ ಕಾಣುವ ಹಾಗೆ ಪಕ್ಕದಲ್ಲಿ ಇಡಬೇಕು. ಇನ್ನೊಬ್ಬರ ಕೈಗೆ ಸಿಗುವ ಸ್ವಿಚ್ಚನ್ನು ಅವಳು ನಂಬುವುದಿಲ್ಲ.

ಆರು ತಿಂಗಳ ಮೇಲೆ ಅಂದಾನಿಯ ಹೆಂಡತಿ ಜಯಲಕ್ಷ್ಮೀ ಫೋನು ಮಾಡಿದಳು. “ಅಕ್ಕೋ, ಒಂದೇ ಮಾತು ಯೋಳು. ನನ್ ಗಂಡ ಕುಡ್ದಿದ್ನಾ? ಮಗ್ಳು ಕೇಳ್ತಾವ್ಳೆ. ನಾನೇನು ಯೋಳ್ಲಿ?”

ಟ್ಯಾಂಕಿನ ಬುಡದಲ್ಲಿ ನಿಂತು ಸರಸ ಮೊದಲ ಬಾರಿಗೆ ನಿಜ ಹೇಳಿದಳು. ಹೇಳಿದ ಮೇಲೆ ಸಾಕ್ಷಿಯೂ ಹೇಳಬೇಕಾಯಿತು. ಜಯಲಕ್ಷ್ಮೀ ಹಾಕಿದ ಪರಿಹಾರದ ಅರ್ಜಿಯ ವಿಚಾರಣೆ ಅವಳ ಜಿಲ್ಲೆಯಲ್ಲಿ ನಡೆಯುತ್ತಿತ್ತು. ಎರಡು ಸಲ ಸರಸ ಕೋಯಂಬೇಡಿನಿಂದ ಬಸ್ಸು ಹಿಡಿದು ಹೋದಳು. ಎರಡು ಸಲವೂ ಹೋಟೆಲಿನ ವಕೀಲರು ಮುಂದಿನ ತಾರೀಖು ಕೇಳಿ ಪಡೆದರು. ಮೂರನೇ ಸಲ ರಜೆ ಕೇಳಿದರೆ ಪೆಟ್ಟಿಗೆ ಸಮೇತ ಹೋಗು ಎಂದ ಮೋನಪ್ಪ. ಅದಕ್ಕೇ ವಿಡಿಯೋದಲ್ಲಿ ಹೇಳಲು ಅನುಮತಿ ಸಿಕ್ಕಿದ್ದು.

ಮೊದಲ ವಿಡಿಯೋ ವಿಚಾರಣೆಗೆ ಅವಳು ಕೂತದ್ದು ಸಂದಿನಾಚೆಯ ವಿಶ್ವನಾಥರ ಮನೆಯಲ್ಲಿ. ಧಾರವಾಡದ ಕಡೆಯವರು, ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಮೂವತ್ತೈದು ವರ್ಷ ದುಡಿದವರು. ದಿನಾ ಅವರ ಮನೆಗೆ ಒಂದು ಪಾತ್ರೆ ಹಿಟ್ಟು ಕೊಟ್ಟು ಬರುತ್ತಿದ್ದ ಸಲುಗೆ ಅವಳಿಗಿತ್ತು. ಮನೆಯೆಂದರೆ ಒಂದೇ ದೊಡ್ಡ ಕೋಣೆ. ಮೂಲೆಯ ಮಂಚದಲ್ಲಿ ಅವರ ಹೆಂಡತಿ ಅನಸೂಯಮ್ಮ. ಅವರಿಗೆ ನೆನಪು ಹೋಗಿದೆ. ಐವತ್ತು ವರ್ಷಗಳ ಹಿಂದಿನ ಕೂಸಿಗೆ ಇವತ್ತೂ ತುತ್ತು ತಿನ್ನಿಸುತ್ತಿರುತ್ತಾರೆ. ಸರಸ ಪರದೆಯ ಮುಂದೆ ಬಾಯಿ ತೆರೆಯುವಷ್ಟರಲ್ಲಿ ಮೂಲೆಯಿಂದ ದನಿ ಬಂತು: “ಹೂಂ ಅನ್ನು, ಹೂಂ ಅನ್ನು, ಶಾಣ್ಯಾ ಅಲ್ಲಾ!”

ಹೋಟೆಲಿನ ವಕೀಲರು ಕುರ್ಚಿಯಿಂದ ಎದ್ದೇ ಬಿಟ್ಟರು. ಸಾಕ್ಷಿಗೆ ಯಾರೋ ಹೇಳಿಕೊಡುತ್ತಿದ್ದಾರೆ! ವಿವರಿಸಿದರೆ ಯಾರು ಕೇಳುತ್ತಾರೆ? ವಿಚಾರಣಾಧಿಕಾರಿ ಹದಿನೈದು ದಿನ ಕೊಟ್ಟರು. ಮುಚ್ಚಿದ ಕೋಣೆ ಇರಬೇಕು, ಸಾಕ್ಷಿ ಒಬ್ಬಳೇ ಇರಬೇಕು, ಕೋಣೆಯ ನಾಲ್ಕೂ ಗೋಡೆ ತೋರಿಸಬೇಕು. ಆಗದಿದ್ದರೆ ಸಾಕ್ಷಿ ಬಿಟ್ಟು ಮುಂದಿನ ಹಂತ.

ಒಬ್ಬಳೇ ಇರಬಹುದಾದ ಮುಚ್ಚಿದ ಕೋಣೆ ಸರಸಳಿಗೆ ಲೋಕದಲ್ಲಿ ಇದ್ದದ್ದು ಒಂದೇ. ಅಲ್ಲಿ ನೆಟ್‌ವರ್ಕ್ ಇರಲಿಲ್ಲ.

“ನಮ್ಮ ಮನಿ ಸಿಗ್ನಲ್ ನಿನ್ನ ಖೋಲಿಗೆ ಬರೋದಿಲ್ಲ. ನಡುವ ಎರಡು ಗ್ವಾಡಿ, ಮ್ಯಾಲೆ ತಗಡು. ಅದನ್ನ ನಾವs ಒಯ್ದು ಮುಟ್ಟಿಸಬೇಕು,” ಎಂದರು ವಿಶ್ವನಾಥರು. ಅಟ್ಟದಿಂದ ಹಳೆಯ ರೂಟರ್ ಒಂದನ್ನು ಇಳಿಸಿ ಧೂಳು ಒರೆಸಿದರು. “ಎರಡೂ ಡಬ್ಬಿ ಒಂದು ಕೇಬಲ್‌ನಾಗ ಕೂಡಿಸಿದ್ರ, ಇಲ್ಲಿಂದು ಅಲ್ಲಿ ಸಿಗತದ. ಅವ್ಳೋದಾನ್.”

ತಮಿಳಿನಲ್ಲಿ ಅಷ್ಟೇ ಎಂದರೂ ಅಷ್ಟೇ ಆಗಿರಲಿಲ್ಲ. ಎರಡು ಡಬ್ಬಿಗೂ ಹುಟ್ಟಿನಿಂದ ಬಂದ ಅಂಕಿಯ ವಿಳಾಸ ಒಂದೇ. ಹಳೆಯದಕ್ಕೆ ಕೊನೆಯ ಅಂಕಿ ಎರಡು ಎಂದು ಬದಲಿಸಬೇಕು. ಮನೆಯ ಫೋನುಗಳಿಗೆಲ್ಲ ನಂಬರು ಹಂಚುವ ಕೆಲಸವನ್ನು ಅದರಿಂದ ಕಿತ್ತುಕೊಳ್ಳಬೇಕು. ಹಂಚುವವನು ಮನೆಯಲ್ಲಿ ಒಬ್ಬನೇ ಇರಬೇಕು. ವಿಶ್ವನಾಥರು ಕನ್ನಡಕ ಮೂಗಿನ ತುದಿಗಿಟ್ಟು ಎರಡನ್ನೂ ಮಾಡಿದರು. ಕರೆಂಟಿಗೆ ಹಳೆಯ ಯುಪಿಎಸ್ಸಿನ ಬ್ಯಾಟರಿಯೊಂದನ್ನು ಜೋಡಿಸಿದರು.

“ನನ್ನ ಕೋಣೆಯಲ್ಲಿ ಪ್ಲಗ್ ಪಾಯಿಂಟ್ ಉಂಟಲ್ಲ?” ಎಂದಳು ಸರಸ.

“ಅದರ ಮೇನ್ ಸ್ವಿಚ್ ಎಲ್ಲದ?”

“ಕೆಳಗೆ, ಹಜಾರದಲ್ಲಿ.”

“ಹಂಗಾದ್ರ ಬ್ಯಾಡ. ಸಿಗ್ನಲ್‌ಗೆ ಅದರದ್ದs ಬ್ಯಾಟ್ರಿ ಇರಬೇಕವಾ. ಇದು ನನ್ನ ಸರ್ವಿಸ್ ಕಲಿಸಿದ್ದು.”

ಮೊಣಕಾಲು ನೋವಿನ ಅವರು ಮೂರು ಮಾಳಿಗೆ ಹತ್ತುವಂತಿರಲಿಲ್ಲ, ಅನಸೂಯಮ್ಮನನ್ನು ಬಿಟ್ಟು ಹೋಗುವಂತೆಯೂ ಇರಲಿಲ್ಲ. ಆ ಬುಧವಾರ ಹನ್ನೆರಡೂವರೆಗೆ ಸರಸ ದೀಪ ಹೊತ್ತಿಕೊಂಡೇ ಇದ್ದ ಡಬ್ಬಿಯನ್ನು ಬ್ಯಾಟರಿ ಸಮೇತ ತರಕಾರಿ ಚೀಲದಲ್ಲಿಟ್ಟು, ಮೇಲೆ ಕರಿಬೇವು ಮುಚ್ಚಿ, ಮೋನಪ್ಪನ ಎದುರಿಗೇ ಮೆಟ್ಟಿಲು ಹತ್ತಿದಳು. ವಿಶ್ವನಾಥರ ಕಿಟಕಿಯಿಂದ ಅವಳ ಕಿಟಕಿಗೆ ಬಟ್ಟೆ ಒಣಗಿಸುವ ಹಗ್ಗವಿತ್ತು. ಅದಕ್ಕೆ ಸುತ್ತಿಕೊಂಡು ನೀಲಿ ಕೇಬಲ್ಲು ಸಂದು ದಾಟಿತು. ಚುಚ್ಚಿದಳು. ಫೋನಿನಲ್ಲಿ ವಿಶ್ವನಾಥರ ಮುಖ ಸ್ವಚ್ಛವಾಗಿ ಮೂಡಿತು.

“ಬಂತು!” ಎಂದಳು.

“ಇನ್ನ ಮುಟ್ಟಬ್ಯಾಡ,” ಎಂದರು ಅವರು.

ಮೂರು ಗಂಟೆಗೆ ಬಾಗಿಲು ಬಡಿದದ್ದು ಮೋನಪ್ಪ. ಕೋಣೆಯ ಜೊತೆಗಾತಿ, ತರಕಾರಿ ಹೆಚ್ಚುವ ಅಂಬುಜಮ್ಮ ಬಾಗಿಲು ತೆಗೆದರು. ಸರಸ ಚೀಲವನ್ನು ರೂಟರಿನ ಮೇಲೆ ಎಳೆದುಕೊಂಡಳು.

“ಎಂತ ಸರಸ, ಹೊಸ ಸೀರೆ! ಮದುವೆಯಾ?”

“ಸಾಕ್ಷಿ, ಮೋನಪ್ಪಣ್ಣ.”

“ಹೌದಾ. ಯಾವ ನೆಟ್ಟಲ್ಲಿ?” ಎಂದು ಅವನು ಕೋಣೆಯ ಸುತ್ತ ಕಣ್ಣಾಡಿಸಿದ. ನಗು ಹಾಗೇ ಇತ್ತು, ದನಿ ಮಾತ್ರ ಇಳಿಯಿತು. “ನೋಡು, ನಾನು ಬೈಲಿಕ್ಕೆ ಬಂದದ್ದಲ್ಲ. ಗಂಡ ಬಿಟ್ಟು ಹೋದಾಗ ನಿನ್ನ ಕಡೆ ತಿರುಗಿ ನೋಡಿದವರು ಯಾರು? ಉಂಡ ಮನೆಗೆ ಎರಡು ಬಗೆಯಬಾರದು ಅಂತ ನಿನ್ನ ಅಮ್ಮ ಹೇಳಿಕೊಡಲಿಲ್ಲವಾ?”

“ಉಂಡದ್ದಲ್ಲ ಅಣ್ಣ, ರುಬ್ಬಿದ್ದು. ಉಂಡದ್ದು ಬೇರೆಯವರು.”

ಅಂಬುಜಮ್ಮನಿಗೆ ಫಕ್ಕನೆ ನಗು ಬಂದು, ಸೆರಗು ಬಾಯಿಗಿಟ್ಟುಕೊಂಡರು. ಮೋನಪ್ಪನ ಮುಖ ಕಪ್ಪಿಟ್ಟಿತು.

“ಒಂದು ಸಲ ನೋಡಲಿಲ್ಲ ಅಂತ ಬರೆಸಿದ್ದಿ. ಈಗ ನೋಡಿದೆ ಅಂದರೆ ಸುಳ್ಳಿ ಅಂತ ನಿನ್ನನ್ನೇ ಒಳಗೆ ಹಾಕ್ತಾರೆ. ಯೋಚನೆ ಮಾಡು,” ಎಂದು ಇಳಿದುಹೋದ.

ಅವನು ಹೋದ ಮೇಲೆ ಸರಸ ಬಾಗಿಲು ಮುಚ್ಚಿದಳು. ಕೂತರೆ ಯೋಚನೆ ಹೆಚ್ಚಾಗುತ್ತದೆಂದು ಕೆಲಸಕ್ಕಿಳಿದಳು. ನಾಲ್ಕು ಗೋಡೆ ತೋರಿಸುವಾಗ ಡಬ್ಬಿ ಅಡ್ಡ ಬರಬಾರದು, ಕಿಟಕಿಯ ಕೆಳಗೆ ಸರಿಸೋಣ ಎಂದುಕೊಂಡಳು. ಸರಿಸುವ ಮೊದಲು ಕೈ ತನ್ನಷ್ಟಕ್ಕೆ ಬ್ಯಾಟರಿಯ ಪಿನ್ನು ಕಿತ್ತು ಪಕ್ಕಕ್ಕಿಟ್ಟಿತು. ಒಂದು ವರ್ಷದ ಚಟ. ಮತ್ತೆ ಚುಚ್ಚಿದಳು. ದೀಪಗಳು ಹೊತ್ತಿದವು. ಫೋನಿನಲ್ಲಿ ವೈಫೈಯ ಗೆರೆಗಳೆಲ್ಲ ತುಂಬಿ ನಿಂತವು. ಒತ್ತಿದರೆ ಒಳಗೆ ಏನೂ ಇಲ್ಲ. ಚಕ್ರ ಸುತ್ತುತ್ತದೆ, ಸುತ್ತುತ್ತದೆ, ಅಷ್ಟೇ.

ಗಂಟೆ ಮೂರು ಹದಿನಾಲ್ಕು.

“ಏನ್ ಮಾಡಿದಿ ಸರಸಾ?” ಎದುರು ಕಿಟಕಿಯಿಂದ ವಿಶ್ವನಾಥರು. “ಈ ಕಡೆನೂ ಹೋತಲ್ಲ!”

“ಪಿನ್ನು ತೆಗೆದು ಹಾಕಿದೆ ಸರ್.”

ಅವರು ಹಣೆ ಹಿಡಿದುಕೊಂಡರು. “ತಪ್ಪು ನಂದವಾ. ಆ ಡಬ್ಬಿಗೆ ಬರೀ ಸೇವ್ ಅಂದ್ರ ಸಾಲೂದಿಲ್ಲ, ಕಡೀಕ ಕಮಿಟ್ ಅಂತ ಇನ್ನೊಂದು ಬಟನ್ ಅದ. ಒತ್ತಲಿಲ್ಲ ನಾನು. ಆರಿಸಿದ ಕೂಡ್ಲೆ ಎಲ್ಲಾ ಮರತದ. ನಮ್ಮ ಅನಸೂಯಾನ ಹಂಗs.”

ಒಂದು ಲೋಕಲ್ ರೈಲು ಧಡಧಡಿಸಿ ಅವರ ಮುಂದಿನ ಮಾತುಗಳನ್ನು ನುಂಗಿತು. ಆ ಅರ್ಧ ನಿಮಿಷದಲ್ಲಿ ಸರಸಳಿಗೆ ಹೊಳೆದದ್ದು ರೂಟರ್ ಅಲ್ಲ, ಒಂದು ಭಾನುವಾರ. ಜನ ಹೆಚ್ಚಾದರೆಂದು ಮೋನಪ್ಪ ಪಾರ್ಸೆಲ್ಲಿಗೆ ಎರಡನೇ ಟೋಕನ್ ಮೇಜು ಹಾಕಿ, ಅಲ್ಲೂ ಒಂದರಿಂದಲೇ ಟೋಕನ್ ಹರಿಯತೊಡಗಿದ್ದ. ಹದಿನೇಳು ಎಂದು ಕೂಗಿದರೆ ಇಬ್ಬರು ಕೈಯೆತ್ತಿದರು, ದೋಸೆಗಾಗಿ ಹೊಡೆದಾಟವಾಯಿತು. ಜಗಳ ನಿಂತದ್ದು ಎರಡನೇ ಮೇಜಿನ ಟೋಕನ್ ಕಟ್ಟು ಕಸಿದುಕೊಂಡು, ‘ನೀನು ದೋಸೆ ಸಾಂಬಾರು ಎತ್ತಿ ಕೊಡು, ನಂಬರು ಕೊಡಬೇಡ’ ಎಂದ ಮೇಲೆ.

“ಸರ್, ಎರಡು ಮೇಜೂ ಟೋಕನ್ ಕೊಡ್ತಾ ಉಂಟು!” ಎಂದು ಕೂಗಿದಳು. “ಇದರ ಟೋಕನ್ ನಾನೇ ಕಿತ್ತುಕೊಳ್ತೇನೆ. ಎಲ್ಲಿ ಒತ್ತಬೇಕು ಹೇಳಿ.”

ವಿಶ್ವನಾಥರು ಒಂದು ಕ್ಷಣ ಬೆರಗಾದರು. “ಮೊದಲಿಗೆ ಕೇಬಲ್ ತೆಗಿ. ಎರಡು ಡಬ್ಬಿ ಸೇರಬಾರದು ಈಗ.”

ಏಳನೇ ಇಯತ್ತೆ ಓದಿದವಳು, ಇಂಗ್ಲಿಷಿನ ಅಕ್ಷರ ಕಲಿತದ್ದು ಅಕ್ಕಿ ಮೂಟೆಗಳ ಮೇಲಿಂದ. ಅವರು ಅಂಕಿ ಕೂಗಿದರು, ಅವಳು ಒತ್ತಿದಳು. ಫೋನಿನಲ್ಲಿ ರೂಟರಿನ ಪುಟ ತೆರೆಯಿತು. ಪಾಸ್‌ವರ್ಡ್ ತಪ್ಪಿತು. ಮತ್ತೆ ಹೊಡೆದಳು. ಮೂರು ಇಪ್ಪತ್ತೊಂದು. ಕೊನೆಯ ಅಂಕಿ ಒಂದು ಹೋಗಿ ಎರಡಾಯಿತು. ಪುಟ ಮಾಯವಾಯಿತು. “ಹೋಯಿತು ಸರ್!” ಎಂದು ಕೂಗಿದಳು. “ಹೆದರಬ್ಯಾಡ, ಅದರ ಮನಿ ನಂಬರ್ ಬದಲಾತು. ಹೊಸ ನಂಬರಿಗೆ ಹೋಗಿ ಕದಾ ಬಡಿ!” ಹೊಸ ನಂಬರು ಹೊಡೆದಳು. ತೆರೆಯಿತು. ಹಂಚುವ ಕೆಲಸಕ್ಕೆ ಬೀಗ. ಸೇವ್. ಕಮಿಟ್. ದೀಪಗಳೆಲ್ಲ ಆರಿದವು. ಮೂರು ಇಪ್ಪತ್ತಾರು. ಈ ಸಲ ಅವಳು ಎರಡೂ ಕೈಗಳನ್ನು ಕಂಕುಳಲ್ಲಿ ಅದುಮಿಟ್ಟುಕೊಂಡು ಕಾದಳು. ಒಂದು ಹಸಿರು, ಎರಡು ಹಸಿರು. ಕೇಬಲ್ ಚುಚ್ಚಿದಳು, ಹಳದಿ ತೂತಿಗೆ. ಮೂರು ಹಸಿರು.

“ಅಂಬುಜಮ್ಮ, ನೀವು ಹೊರಗೆ. ಮೆಟ್ಟಿಲಲ್ಲಿ ಕೂತುಕೊಳ್ಳಿ.”

“ದೇವರ ಹತ್ರ ಹೇಳಿಕೊಳ್ಲಾ?”

“ಮನಸ್ಸಲ್ಲೇ ಹೇಳಿ. ಕೇಳಿದರೆ ಹೇಳಿಕೊಡ್ತಾರೆ ಅಂತ ಬರೀತಾರೆ.”

ಪರದೆಯಲ್ಲಿ ಅಧಿಕಾರಿ ಮೂಡಿದರು, ಇಬ್ಬರು ವಕೀಲರು, ಹಿಂದಿನ ಬೆಂಚಿನಲ್ಲಿ ಜಯಲಕ್ಷ್ಮೀ. ಸರಸ ಫೋನು ಹಿಡಿದು ನಾಲ್ಕು ಗೋಡೆ ತೋರಿಸಿದಳು. ಎರಡು ಚಾಪೆ, ಒಂದು ಪೆಟ್ಟಿಗೆ, ಮೊಳೆಗೆ ನೇತುಹಾಕಿದ ನಾಲ್ಕು ಸೀರೆ. ಹತ್ತೊಂಬತ್ತು ವರ್ಷದ ಸಂಸಾರ ತೋರಿಸಲು ಹತ್ತು ಸೆಕೆಂಡೂ ಬೇಕಾಗಲಿಲ್ಲ.

ಜಯಲಕ್ಷ್ಮೀಯ ಪರ ವಕೀಲರು ಕೇಳಿದ್ದಕ್ಕೆ ಉತ್ತರಿಸಿದಳು. ಗೋಣಿಯ ಮಾತು, ಒಪ್ಪೊತ್ತಿನ ಮಾತು, ಸ್ವಿಚ್ ಆರಿಸಿ ಬಂದು ಕೈ ಹಾಕಿದ ಮಾತು ಎಲ್ಲ ಹೇಳಿದಳು. ಆಮೇಲೆ ಹೋಟೆಲಿನ ವಕೀಲರು ಮುಂದಕ್ಕೆ ಬಾಗಿದರು.

“ಪೊಲೀಸರ ಮುಂದೆ ನೀವು ‘ನೋಡಲಿಲ್ಲ’ ಅಂದಿದ್ದೀರಿ. ಹೌದೋ ಅಲ್ಲವೋ?”

“ಹೌದು.”

“ಅವತ್ತು ಸುಳ್ಳೋ, ಇವತ್ತು ಸುಳ್ಳೋ?”

“ಅವತ್ತು ಸುಳ್ಳು ಸರ್. ಹೆದರಿ ಹೇಳಿದ ಸುಳ್ಳು. ಅದಕ್ಕೆ ಎಂತ ಶಿಕ್ಷೆ ಉಂಟೋ ಕೊಡಿ.”

“ಅಂದರೆ ನೀವು ಸುಳ್ಳು ಹೇಳಬಲ್ಲವರು. ಸರಿ, ಅವನೇ ಆರಿಸಿದ ಸ್ವಿಚ್ ಹಾಕಿದ್ದಾದರೂ ಯಾರು? ಭೂತವೋ?”

ಅವಳು ಬಾಯಿ ತೆರೆದಳು. ತಲೆಯ ಮೇಲಿನ ಫ್ಯಾನು ಒಂದು ಸುತ್ತು ಎಳೆದು ನಿಂತಿತು. ಬಲ್ಬು ಹೋಯಿತು. ಕಿಟಕಿಗೆ ಸೀರೆ ಕಟ್ಟಿದ್ದ ಕೋಣೆ ಮಬ್ಬಾಯಿತು.

ಸರಸ ಕೆಳಗೆ ನೋಡಿದಳು. ಗೋಡೆಯ ಬುಡದಲ್ಲಿ ಮೂರು ಹಸಿರು ಚುಕ್ಕಿಗಳು ಹಾಗೇ ಉರಿಯುತ್ತಿದ್ದವು.

“ಏನಮ್ಮಾ, ಕತ್ತಲಾಯ್ತು? ಇದ್ದೀರಾ?” ಅಧಿಕಾರಿಯ ದನಿ.

“ಇದ್ದೇನೆ ಸರ್. ಕರೆಂಟು ಹೋಯಿತು.” ಎದ್ದು ಕಿಟಕಿಯ ಸೀರೆ ಎಳೆದಳು. ನಾಲ್ಕು ಗಂಟೆಯ ಬಿಸಿಲು ನೇರವಾಗಿ ಮುಖಕ್ಕೆ ಬಿತ್ತು.

“ಯಾರಾದರೂ ತೆಗೆದರಾ?” ಎಂದರು ಅಧಿಕಾರಿ.

ಹೌದು ಎನ್ನುವುದು ಎಷ್ಟು ಸುಲಭವಿತ್ತು. ಯಾರ ಕೈ ಎಂದು ಅವಳ ಮೈಯ ಕೂದಲು ಕೂದಲಿಗೂ ಗೊತ್ತಿತ್ತು. ಆದರೆ ನೋಡಿದ್ದನ್ನು ನೋಡಲಿಲ್ಲ ಎಂದು ಒಂದು ವರ್ಷ ಬೆಂದವಳು, ನೋಡದ್ದನ್ನು ನೋಡಿದೆ ಎನ್ನಲಾರಳು.

“ಇವತ್ತು ತೆಗೆದದ್ದು ಯಾರು ಅಂತ ನಾನು ನೋಡಲಿಲ್ಲ ಸರ್. ಬಾಗಿಲು ಮುಚ್ಚಿ ಕೂತಿದ್ದೇನೆ. ಅವತ್ತು ಹಾಕಿದ್ದು ನೋಡಿದ್ದೇನೆ. ಈ ಎರಡು ಕಣ್ಣಲ್ಲಿ. ಹಾಕಿದ್ದು ಮೋನಪ್ಪ. ನಮ್ಮ ಸೂಪರ್‌ವೈಸರ್.”

ಬೆರಳಚ್ಚಿನ ಸದ್ದು ಕೇಳಿಸಿತು. ಹೆಸರು ದಾಖಲಾಯಿತು. ಹಿಂದಿನ ಬೆಂಚಿನಲ್ಲಿ ಜಯಲಕ್ಷ್ಮೀ ಮುಖ ಮುಚ್ಚಿಕೊಂಡಳು. ವಕೀಲರು ಇನ್ನೂ ಎರಡು ಪ್ರಶ್ನೆ ಕೇಳಿ ಕೂತರು. ಆದೇಶ ಮುಂದಿನ ತಿಂಗಳು ಎಂದರು ಅಧಿಕಾರಿ.

ನಾಲ್ಕೂವರೆಗೆ ಸಂಜೆಯ ಪಾಳಿ. ನಲವತ್ತು ಕಿಲೋ ಅಕ್ಕಿ ನೆನೆದು ಕೂತಿತ್ತು. ಸರಸ ಹೊಸ ಸೀರೆ ಬಿಚ್ಚಿ ಹಳೆಯದನ್ನುಟ್ಟು ಕೆಳಗಿಳಿದಳು. ಮೆಟ್ಟಿಲಲ್ಲಿ ಅಂಬುಜಮ್ಮ ಪಿಸುಗುಟ್ಟಿದರು, “ಕರೆಂಟು ತೆಗೆದದ್ದು ಅವನೇ. ನಾನು ಇಣುಕಿ ನೋಡಿದೆ. ಕೆಲಸಕ್ಕೆ ಹೋಗಬೇಡ ಮಾರಾಯ್ತಿ, ಪೆಟ್ಟಿಗೆ ಕಟ್ಟು.”

“ಅವರು ಹೋಗು ಅಂದಾಗ ಕಟ್ಟುವಾ. ಅಕ್ಕಿ ಹುಳಿಯಾಗ್ತದೆ.”

ಮೋನಪ್ಪ ಹಜಾರದ ಬೋರ್ಡಿನ ಪಕ್ಕದಲ್ಲೇ ನಿಂತಿದ್ದ. ಕೈ ಇನ್ನೂ ಸ್ವಿಚ್ಚಿನ ಹತ್ತಿರವೇ ಇತ್ತು.

“ನೆಟ್ಟು ಹೋಯಿತಾ ಸರಸ?” ಎಂದ.

“ಇಲ್ಲ ಅಣ್ಣ. ಪೂರ್ತಿ ಹೇಳಿ ಆಯಿತು. ನಿಮ್ಮ ಹೆಸರೂ.”

ಗ್ರೈಂಡರ್ ಕೋಣೆಯ ಬಾಗಿಲು ತೆರೆದೇ ಇತ್ತು. ಬೆಳಗಿನ ಹಿಟ್ಟು ಕಲ್ಲಿನ ಸಂದಿಯಲ್ಲಿ ಒಣಗಿ ಹಿಡಿದಿತ್ತು. ತೊಳೆಯದೆ ರುಬ್ಬುವಂತಿಲ್ಲ. ಕೈ ಹಾಕದೆ ತೊಳೆಯುವಂತಿಲ್ಲ.

“ಸ್ವಲ್ಪ ಸರಿಯಿರಿ,” ಎಂದಳು.

ಅವನು ಸರಿದ. ಸರಸ ಗ್ರೈಂಡರಿನ ಮೇನ್ ಸ್ವಿಚ್ ಇಳಿಸಿದಳು. ಅಲ್ಲಿಗೆ ನಿಲ್ಲಲಿಲ್ಲ. ಬೋರ್ಡಿನ ಮುಚ್ಚಳ ತೆಗೆದು, ಗ್ರೈಂಡರಿನ ಫ್ಯೂಸು ಕೂರಿಸಿದ್ದ ಪಿಂಗಾಣಿಯ ಬಿಳಿ ಹಿಡಿಕೆಯನ್ನೇ ಕಿತ್ತು, ಅವನ ಕಣ್ಣೆದುರೇ ಸೊಂಟಕ್ಕೆ ಸಿಕ್ಕಿಸಿಕೊಂಡು ಸೆರಗು ಬಿಗಿದಳು. ಆಮೇಲೆ ಒಳಗೆ ಹೋಗಿ, ಅವನಿಗೆ ಬೆನ್ನು ಹಾಕಿ ಕೂತು, ಕಲ್ಲಿನ ಸಂದಿಗೆ ಮೊಣಕೈವರೆಗೆ ಕೈ ಹಾಕಿದಳು.